ದೊಡ್ಡಪ್ಪನ ಪಕ್ಕ ಕೂತು ಆಡಿದ ವಾರ್ ಥಂಡರ್

ನನ್ನ ದೊಡ್ಡಪ್ಪ ಸೇನೆಯಲ್ಲಿ ಟ್ಯಾಂಕ್ ಲೋಡರ್ ಆಗಿದ್ದವರು. 1974ರಲ್ಲಿ ಸೇರಿದರು. ವರ್ಷಗಟ್ಟಲೆ ವಿಜಯಂತ ಟ್ಯಾಂಕಿನ ತೋಪಿಗೆ ಗುಂಡು ತುಂಬಿದರು. ಈಗ ಬೆಳಗಾವಿಯಲ್ಲಿ ನಮ್ಮ ಮನೆಯಿಂದ ನಾಲ್ಕು ಓಣಿ ಆಚೆ ಇದ್ದಾರೆ. ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ಹೋದ ಮಳೆಗಾಲದಲ್ಲಿ ಒಂದು ಸಂಜೆ ನಾನು ಲ್ಯಾಪ್‌ಟಾಪಿನಲ್ಲಿ ವಾರ್ ಥಂಡರ್ ಆಡುತ್ತಿದ್ದೆ. ಅವರು ಬಂದು ಪಕ್ಕದಲ್ಲಿ ಕೂತರು. ಹತ್ತು ನಿಮಿಷ ಒಂದು ಮಾತೂ ಆಡಲಿಲ್ಲ. ಆಮೇಲೆ ಕೇಳಿದರು: "ತಮ್ಮಾ, ಇದರಾಗ ಗುಂಡ ಯಾರು ತುಂಬಾಕತ್ತಾರ?"

"ತಾನಾಗೇ ತುಂಬಿಕೊಳ್ಳುತ್ತೆ ದೊಡ್ಡಪ್ಪ" ಅಂದೆ.

ಅವರು ತಲೆ ಆಡಿಸಿದರು, ಅಷ್ಟೇ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮೂರು ವರ್ಷದಿಂದ ಆಡುತ್ತಿದ್ದ ಆಟವನ್ನು ಅವತ್ತಿನಿಂದ ಬೇರೆ ಕಣ್ಣಿನಿಂದ ನೋಡತೊಡಗಿದೆ. ಎರಡನೇ ಮಹಾಯುದ್ಧದ ಟ್ಯಾಂಕ್ ಕಾಳಗವನ್ನು ಈ ಆಟ ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದೇ ಈ ವಿಮರ್ಶೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ವಾರ್ ಥಂಡರ್ ಗೈಜಿನ್ ಕಂಪನಿಯ ಆಟ. 2012ರಲ್ಲಿ ಬರೀ ವಿಮಾನಗಳೊಂದಿಗೆ ಜನರ ಕೈಗೆ ಬಂತು, 2014ರಲ್ಲಿ ಟ್ಯಾಂಕುಗಳು ಸೇರಿದವು. ಆಡಲು ದುಡ್ಡು ಕೊಡಬೇಕಿಲ್ಲ. ಸಣ್ಣ ಟ್ಯಾಂಕಿನಿಂದ ಶುರು ಮಾಡಿ ಆಡುತ್ತಾ ಆಡುತ್ತಾ ದೊಡ್ಡದಕ್ಕೆ ಹೋಗಬೇಕು, ಅದಕ್ಕೆ ತುಂಬಾ ಗಂಟೆ ಹಿಡಿಯುತ್ತದೆ. ದುಡ್ಡು ಕೊಟ್ಟರೆ ಬೇಗ ಆಗುತ್ತದೆ. ನಾನು ಕೊಟ್ಟಿಲ್ಲ. ಆರ್ಕೇಡ್, ರಿಯಲಿಸ್ಟಿಕ್, ಸಿಮ್ಯುಲೇಟರ್ ಅಂತ ಮೂರು ಬಗೆಯ ಆಟ ಇದೆ. ಆರು ವರ್ಷ ಹಳೆಯ ನನ್ನ ಲ್ಯಾಪ್‌ಟಾಪಿನಲ್ಲೂ ಚಿತ್ರದ ಗುಣಮಟ್ಟ ಮಧ್ಯಮಕ್ಕಿಟ್ಟರೆ ಆರಾಮಾಗಿ ನಡೆಯುತ್ತದೆ.

ಮೊದಲು ಹೊಗಳುವುದನ್ನು ಹೊಗಳಿಬಿಡುತ್ತೇನೆ. ಕಬ್ಬಿಣದ ವಿಷಯದಲ್ಲಿ ಇಷ್ಟು ಶ್ರದ್ಧೆಯ ಆಟವನ್ನು ನಾನು ಬೇರೆ ನೋಡಿಲ್ಲ. ಹಳೆಯ ಟ್ಯಾಂಕ್ ಆಟಗಳಲ್ಲಿ ಟ್ಯಾಂಕಿಗೆ ಇಷ್ಟು ಜೀವ ಅಂತ ಒಂದು ಪಟ್ಟಿ ಇರುತ್ತಿತ್ತು. ನಾಲ್ಕು ಹೊಡೆತ ಬಿದ್ದರೆ ಪಟ್ಟಿ ಖಾಲಿ, ಟ್ಯಾಂಕ್ ಢಮಾರ್. ಇಲ್ಲಿ ಹಾಗಿಲ್ಲ. ಗುಂಡು ಎಲ್ಲಿ ಬಿತ್ತು, ಯಾವ ಕೋನದಲ್ಲಿ ಬಿತ್ತು, ಅಲ್ಲಿ ತಗಡು ಎಷ್ಟು ದಪ್ಪ, ಒಳಗೆ ಏನಿದೆ, ಎಲ್ಲವನ್ನೂ ಲೆಕ್ಕ ಹಾಕುತ್ತದೆ.

ರಷ್ಯನ್ನರ ಟಿ-34 ಟ್ಯಾಂಕ್ ತಗೊಳ್ಳಿ. ಅದರ ಮುಂಭಾಗದ ಉಕ್ಕು 45 ಮಿಲಿಮೀಟರ್ ಮಾತ್ರ. ಆದರೆ ಅದನ್ನು 60 ಡಿಗ್ರಿ ಹಿಂದಕ್ಕೆ ಬಾಗಿಸಿದ್ದಾರೆ. ನೇರವಾಗಿ ಬರುವ ಗುಂಡು 90 ಮಿಲಿಮೀಟರ್ ಉಕ್ಕು ದಾಟಬೇಕು. ರೊಟ್ಟಿಯನ್ನು ಅಡ್ಡ ಕೊಯ್ಯುವುದಕ್ಕೂ ಓರೆಯಾಗಿ ಕೊಯ್ಯುವುದಕ್ಕೂ ಇರುವ ವ್ಯತ್ಯಾಸ ಇದ್ದ ಹಾಗೆ. ಜರ್ಮನರ ಪ್ಯಾಂಥರ್ ಇದೇ ಪಾಠ ಕಲಿತು ಬಂದದ್ದು: 80 ಮಿಲಿಮೀಟರ್ ಉಕ್ಕು, 55 ಡಿಗ್ರಿ ಓರೆ, ಲೆಕ್ಕಕ್ಕೆ ಸುಮಾರು 140. ಅವರದೇ ಟೈಗರ್ ಮಾತ್ರ ಹಳೆಯ ಕಾಲದ ಪೆಟ್ಟಿಗೆ. 100 ಮಿಲಿಮೀಟರ್ ಉಕ್ಕು ಹೆಚ್ಚು ಕಡಿಮೆ ನೆಟ್ಟಗೆ ನಿಂತಿದೆ. ಹಾಗಾಗಿ ಟೈಗರ್ ನಡೆಸುವವನು ಶತ್ರುವಿನ ಎದುರು ಸ್ವಲ್ಪ ಓರೆಯಾಗಿ ನಿಲ್ಲಬೇಕು. 1943ರಲ್ಲಿ ಜರ್ಮನ್ ಸೇನೆ ಟೈಗರ್ ಸಿಬ್ಬಂದಿಗೆ ಕೊಟ್ಟ ಕೈಪಿಡಿಯಲ್ಲೂ ಇದೇ ಮಾತಿದೆ. ಗಡಿಯಾರದ ಮುಳ್ಳು ಹತ್ತೂವರೆ, ಒಂದೂವರೆ ತೋರಿಸುವ ದಿಕ್ಕಿನಲ್ಲಿ ಶತ್ರು ಇರುವ ಹಾಗೆ ನಿಲ್ಲಿ, ಅದನ್ನು ಊಟದ ಹೊತ್ತು ಅಂತ ನೆನಪಿಟ್ಟುಕೊಳ್ಳಿ ಅಂತ ಹುಡುಗರಿಗೆ ಕಲಿಸುತ್ತಿದ್ದರು. ಎಂಬತ್ತು ವರ್ಷ ಹಳೆಯ ಆ ಬುದ್ಧಿಮಾತು ಈ ಆಟದಲ್ಲಿ ಇವತ್ತಿಗೂ ಕೆಲಸ ಮಾಡುತ್ತದೆ. ನನಗೆ ಇದೊಂದು ದೊಡ್ಡ ಸಂತೋಷ.

ಇನ್ನು ಗುಂಡು ತಾಗಿದ ಮೇಲೆ ಮೂಲೆಯಲ್ಲಿ ಬರುವ ಎಕ್ಸ್‌ರೇ ದೃಶ್ಯ. ಒಮ್ಮೆ ಅಮೆರಿಕದ ಶರ್ಮನ್‌ನಿಂದ ಪ್ಯಾಂಥರ್‌ನ ಪಕ್ಕೆಗೆ ಹೊಡೆದೆ. ಪ್ಯಾಂಥರ್‌ನ ಎದುರು ಎಷ್ಟು ಗಟ್ಟಿಯೋ ಪಕ್ಕೆ ಅಷ್ಟೇ ತೆಳು. ಗುಂಡು ಒಳಗೆ ಹೋಯಿತು. ತೂತು ಬಿದ್ದಲ್ಲಿಂದ ಉಕ್ಕಿನ ಚೂರುಗಳು ಸೂಜಿಗಳ ಕಂತೆಯ ಹಾಗೆ ಹರಡಿದವು. ಒಳಗೆ ಕೂತ ಬೊಂಬೆಗಳಲ್ಲಿ ಒಂದು ಕೆಂಪಾಯಿತು, ಒಂದು ಕಪ್ಪಾಯಿತು. ಪಕ್ಕದ ಗೂಡಿನಲ್ಲಿ ಜೋಡಿಸಿಟ್ಟ ಗುಂಡುಗಳಿಗೆ ಚೂರು ತಗುಲಿ ಇಡೀ ಟ್ಯಾಂಕ್ ಹೊತ್ತಿಕೊಂಡಿತು. ಪ್ಯಾಂಥರ್‌ನಲ್ಲಿ ಗುಂಡುಗಳನ್ನು ನಿಜವಾಗಿ ಇಡುತ್ತಿದ್ದದ್ದೂ ಅಲ್ಲೇ.

ದೊಡ್ಡಪ್ಪ ಈ ದೃಶ್ಯವನ್ನು ಮತ್ತೆ ತೋರಿಸು ಅಂದರು. ಎರಡು ಸಲ ನೋಡಿದರು. "ಆ ಕಪ್ಪಾದಾಂವ ಲೋಡರ್" ಅಂದರು. ಹೌದು, ಲೋಡರ್ರೇ.

ಅಲ್ಲಿಂದ ಮುಂದೆ ನನಗೆ ಆಟದ ಕೊರತೆ ಕಾಣತೊಡಗಿತು.

ದೊಡ್ಡಪ್ಪ ಅವತ್ತು ನಮ್ಮ ಊಟದ ಮೇಜಿನ ಹತ್ತಿರ ನಿಂತು ಲೋಡರ್ ಕೆಲಸ ತೋರಿಸಿದರು. ವಿಜಯಂತದ್ದು 105 ಮಿಲಿಮೀಟರ್ ತೋಪು. ಒಂದೊಂದು ಗುಂಡು ಸುಮಾರು 20 ಕೆಜಿ, ನಮ್ಮ ಅಡುಗೆಮನೆಯ ತುಂಬಿದ ನೀರಿನ ಕ್ಯಾನ್ ಇದ್ದ ಹಾಗೆ. ಅದನ್ನು ಗೂಡಿನಿಂದ ಎತ್ತಿ, ತಿರುಗಿ, ತೋಪಿನ ಬಾಯಿಗೆ ಇಟ್ಟು, ಮುಷ್ಟಿ ಕಟ್ಟಿ ತಳ್ಳಬೇಕು. ಬೆರಳು ಚಾಚಿ ತಳ್ಳಬಾರದು. ಗುಂಡು ಒಳಗೆ ಕೂತ ಕೂಡಲೇ ಬ್ರೀಚ್, ಅಂದರೆ ತೋಪಿನ ಹಿಂಬದಿಯ ಬಾಗಿಲು, ತಾನಾಗೇ ಮುಚ್ಚುತ್ತದೆ, ಚಾಚಿದ ಬೆರಳು ಹೋಗುತ್ತದೆ. ಟ್ಯಾಂಕ್ ಹಳ್ಳಕ್ಕೆ ಇಳಿದು ಏರುತ್ತಿರುವಾಗಲೇ ಇದೆಲ್ಲ ಆಗಬೇಕು. ಹಾರಿದ ಗುಂಡಿನ ಕಾದ ಹಿತ್ತಾಳೆ ಕವಚ ಕಾಲ ಹತ್ತಿರ ಬಂದು ಬೀಳುತ್ತದೆ. ಹೊಗೆ ಗಂಟಲಿಗೆ ಹಿಡಿಯುತ್ತದೆ. ರಾಜಸ್ಥಾನದ ಮರಳಿನಲ್ಲಿ ಮೇ ತಿಂಗಳಲ್ಲಿ ಹೊರಗಿನ ತಗಡು ಮುಟ್ಟಿದರೆ ಕೈ ಸುಡುತ್ತಿತ್ತಂತೆ. ರೇಡಿಯೋ ನೋಡಿಕೊಳ್ಳುವುದೂ ಲೋಡರ್ ಕೆಲಸವೇ. ಎಪ್ಪತ್ತು ದಾಟಿದ ಮನುಷ್ಯ ಮುಷ್ಟಿ ಕಟ್ಟಿ ಗಾಳಿಯನ್ನು ತಳ್ಳಿದ ರೀತಿ ನೋಡಿದರೆ ಆ ಕೈಗೆ ಇನ್ನೂ ಏನೂ ಮರೆತಿಲ್ಲ ಅನಿಸಿತು.

ಆಟದಲ್ಲಿ ಇದೆಲ್ಲ ಒಂದು ಚಿಕ್ಕ ವೃತ್ತ. ಅದು ತುಂಬಿದರೆ ಗುಂಡು ರೆಡಿ.

ಇದು ಸುಮ್ನೆ ಭಾವನೆಯ ಮಾತಲ್ಲ. ಆಟದ ಇತಿಹಾಸವೇ ಇದರಿಂದ ತಪ್ಪುತ್ತದೆ. ಮತ್ತೆ ಟಿ-34ಕ್ಕೆ ಬರೋಣ. 1941-43ರ ಟಿ-34ರ ಗೋಪುರದಲ್ಲಿ, ಅಂದರೆ ತೋಪು ಹೊತ್ತು ತಿರುಗುವ ಮೇಲಿನ ಭಾಗದಲ್ಲಿ, ಇಬ್ಬರಿಗೆ ಮಾತ್ರ ಜಾಗ. ಕಮಾಂಡರೇ ಗುರಿ ಹಿಡಿದು ಗುಂಡು ಹಾರಿಸಬೇಕು. ಚಾಲಕನಿಗೆ ದಾರಿ ಹೇಳುವವನೂ ಅವನೇ, ಶತ್ರುವನ್ನು ಹುಡುಕುವವನೂ ಅವನೇ. ಕಣ್ಣನ್ನು ಗುರಿಯ ದುರ್ಬೀನಿಗೆ ಒತ್ತಿದ ಕ್ಷಣ ಸುತ್ತಲಿನ ಲೋಕ ಅವನ ಪಾಲಿಗೆ ಇಲ್ಲ. ಶುರುವಿನ ವರ್ಷಗಳಲ್ಲಿ ಎಷ್ಟೋ ಟಿ-34ಗಳಲ್ಲಿ ರೇಡಿಯೋ ಕೂಡ ಇರಲಿಲ್ಲ, ತುಕಡಿಯ ನಾಯಕನ ಟ್ಯಾಂಕಿನಲ್ಲಿ ಮಾತ್ರ. ಜರ್ಮನರ ಮುಖ್ಯ ಟ್ಯಾಂಕುಗಳ ಗೋಪುರದಲ್ಲಿ ಮೂವರು: ಕಮಾಂಡರ್, ಗನ್ನರ್, ಲೋಡರ್. ಕಮಾಂಡರಿಗೆ ನೋಡುವುದು ಮತ್ತು ಹೇಳುವುದು ಬಿಟ್ಟು ಬೇರೆ ಕೆಲಸವಿಲ್ಲ. ತಗಡಿನಲ್ಲಿ, ತೋಪಿನಲ್ಲಿ ತಮಗಿಂತ ಮೇಲಾಗಿದ್ದ ಟಿ-34ಗಳನ್ನೂ ಜರ್ಮನರು 1941ರಲ್ಲಿ ಹೊಡೆದು ಹಾಕಿದ್ದಕ್ಕೆ ಇದು ಒಂದು ದೊಡ್ಡ ಕಾರಣ. ರಷ್ಯನ್ನರು 1944ರಲ್ಲಿ ಟಿ-34-85 ತಂದಾಗ ತೋಪು ದೊಡ್ಡದು ಮಾಡಿದ್ದು ಮಾತ್ರವಲ್ಲ, ಗೋಪುರಕ್ಕೆ ಮೂರನೆಯವನನ್ನೂ ಕೂರಿಸಿದರು.

ವಾರ್ ಥಂಡರ್‌ನಲ್ಲಿ? ನಾನೊಬ್ಬನೇ ಕಮಾಂಡರ್, ಗನ್ನರ್, ಡ್ರೈವರ್. ಟೈಗರ್‌ನಲ್ಲೂ ಒಬ್ಬನೇ, ಟಿ-34ರಲ್ಲೂ ಒಬ್ಬನೇ. ಕಣ್ಣು ನನ್ನದೇ, ಕೈ ನನ್ನದೇ. ಎಲ್ಲರಿಗೂ ನಕ್ಷೆ ಕಾಣುತ್ತದೆ, ಗೆಳೆಯರು ಎಲ್ಲಿದ್ದಾರೆ ಅಂತ ಗೊತ್ತಾಗುತ್ತದೆ. ಹಾಗಾಗಿ ಟಿ-34ರ ಅತಿ ದೊಡ್ಡ ದೋಷವೇ ಮಾಯ. ಉಳಿದದ್ದು ಓರೆ ಉಕ್ಕು, ಒಳ್ಳೆಯ ವೇಗ, ಒಳ್ಳೆಯ ತೋಪು. ಇಂಥ ಟಿ-34 ಇದ್ದಿದ್ದರೆ 1941ರ ಬೇಸಿಗೆ ಬೇರೆ ಥರಾ ಇರುತ್ತಿತ್ತು. ಪ್ರತಿ ಬೋಲ್ಟು ಅಳೆದು ಕೂರಿಸಿದ ಆಟದಲ್ಲಿ ಇಷ್ಟು ದೊಡ್ಡ ಸಂಗತಿ ಬಿಟ್ಟುಹೋಗಿದೆ ಅನ್ನುವುದು ನನಗೆ ನಿಜವಾಗಿ ಬೇಜಾರಿನ ವಿಷಯ.

ಕ್ಯಾಮೆರಾ ಇನ್ನೊಂದು. ರಿಯಲಿಸ್ಟಿಕ್ ಅಂತ ಹೆಸರಿದ್ದರೂ ಆ ಬಗೆಯಲ್ಲಿ ಟ್ಯಾಂಕಿನ ಹಿಂದೆ, ಮೇಲಿನಿಂದ ನೋಡಬಹುದು. ಗೋಡೆಯ ಹಿಂದೆ ಪೂರ್ತಿ ಅಡಗಿ ಕೂತು ಗೋಡೆಯಾಚೆ ಬರುವವನನ್ನು ನೋಡುತ್ತಾ ಕಾಯಬಹುದು. ನಿಜದಲ್ಲಿ ಹಾಗೆ ನೋಡಬೇಕೆಂದರೆ ಕಮಾಂಡರ್ ಬಾಗಿಲು ತೆರೆದು ತಲೆ ಹೊರಗೆ ಹಾಕಬೇಕಿತ್ತು. ಅದಕ್ಕೆ ತೆತ್ತ ಬೆಲೆ ಏನು ಅಂತ ತಿಳಿಯಲು ಇಂಫಾಲ್ ಹತ್ತಿರದ ನುನ್‌ಶಿಗುಮ್ ಗುಡ್ಡ ನೆನಪು ಮಾಡಿಕೊಳ್ಳಬೇಕು. 1944ರ ಏಪ್ರಿಲ್ 13. ಜಪಾನಿಯರು ಹಿಡಿದಿದ್ದ ಆ ಕಡಿದಾದ ಗುಡ್ಡಕ್ಕೆ ಬ್ರಿಟಿಷರ 3ನೇ ಕ್ಯಾರಬಿನಿಯರ್ಸ್ ದಳದ ಲೀ ಟ್ಯಾಂಕುಗಳು ಏರಿದವು. ಜೊತೆಗೆ ನಮ್ಮ ಡೋಗ್ರಾ ಸೈನಿಕರು. ಗುಡ್ಡದ ನೆತ್ತಿ ಎಷ್ಟು ಇಕ್ಕಟ್ಟು ಅಂದರೆ ಒಂದಿಷ್ಟು ತಪ್ಪಿದರೆ ಟ್ಯಾಂಕ್ ಉರುಳಿ ಕೆಳಗೆ. ಚಾಲಕನಿಗೆ ಸೀಳುಗಂಡಿಯಿಂದ ಏನೂ ಕಾಣದು. ಕಮಾಂಡರುಗಳು ತಲೆ ಹೊರಗಿಟ್ಟು ದಾರಿ ಹೇಳಿದರು. ಒಬ್ಬೊಬ್ಬರಾಗಿ ಗುಂಡು ತಿಂದರು. ಟ್ಯಾಂಕ್ ತುಕಡಿಯ ಅಧಿಕಾರಿಗಳೆಲ್ಲ ಸತ್ತರು ಇಲ್ಲ ಗಾಯಗೊಂಡರು. ಕೊನೆಗೆ ಒಬ್ಬ ಸಾರ್ಜೆಂಟ್ ಮೇಜರ್ ಮುಂದಾಳಾಗಿ ಗುಡ್ಡ ಗೆದ್ದರು. ಕಮಾಂಡರಿನ ಕಣ್ಣನ್ನು ಆಟ ನನಗೆ ಪುಕ್ಕಟೆ ಕೊಡುತ್ತಿದೆ. ಆ ಕಣ್ಣಿಗೆ ಅವರು ತಲೆ ಕೊಟ್ಟಿದ್ದರು.

ಯಾರು ಮೊದಲು ನೋಡಿದರು ಅನ್ನುವುದೇ ಟ್ಯಾಂಕ್ ಕಾಳಗದಲ್ಲಿ ಬಹುಪಾಲು. 1954ರಲ್ಲಿ ಅಮೆರಿಕದ ಸೇನಾ ಸಂಶೋಧಕರು ಮಹಾಯುದ್ಧದ ಹೊತ್ತಿನ ತಮ್ಮ 3ನೇ ಮತ್ತು 4ನೇ ಆರ್ಮರ್ಡ್ (ಟ್ಯಾಂಕ್) ಡಿವಿಷನ್‌ಗಳ ಕಾಳಗಗಳನ್ನು ಕೂತು ಲೆಕ್ಕ ಹಾಕಿದರು. ಮೊದಲು ಗುಂಡು ಹಾರಿಸಿದವನ ಕೈ ಮೇಲಾಗಿರುತ್ತಿತ್ತು ಅಂತ ಬಂತು. ಟ್ಯಾಂಕ್ ಯಾವುದು ಅನ್ನುವುದಕ್ಕಿಂತ ಅದೇ ಜಾಸ್ತಿ ಲೆಕ್ಕಕ್ಕೆ ಬಂತು. ಟೈಗರೋ ಪ್ಯಾಂಥರೋ ಅಂತ ಗಂಟೆಗಟ್ಟಲೆ ವಾದ ಮಾಡುವ ನಮ್ಮಂಥವರು ಇದನ್ನು ಗೋಡೆಗೆ ಬರೆದಿಟ್ಟುಕೊಳ್ಳಬೇಕು.

ಶರ್ಮನ್ ಬಗ್ಗೆ ದೊಡ್ಡಪ್ಪ ಇನ್ನೊಂದು ಪ್ರಶ್ನೆ ಕೇಳಿದರು. ಟ್ಯಾಂಕನ್ನು ಮೇಲಿನಿಂದ ತಿರುಗಿಸಿ ನೋಡಿ, "ಲೋಡರ್‌ಗೆ ಬಾಗ್ಲಾ ಎಲ್ಲೈತಿ?" ಅಂದರು. ನಾನು ಅದುವರೆಗೆ ಗಮನಿಸಿರಲೇ ಇಲ್ಲ. ಶುರುವಿನ ಶರ್ಮನ್‌ಗಳ ಗೋಪುರಕ್ಕೆ ಒಂದೇ ಬಾಗಿಲು, ಕಮಾಂಡರ್ ತಲೆಯ ಮೇಲೆ. ಬೆಂಕಿ ಬಿದ್ದರೆ ಲೋಡರ್ ತೋಪಿನ ಆ ಬದಿಯಿಂದ ತೂರಿಕೊಂಡು ಬರಬೇಕು. ಲೋಡರ್‌ಗೆ ಅಂತ ಬೇರೆ ಬಾಗಿಲು ಬಂದದ್ದು 1943ರ ಕೊನೆಯ ಹೊತ್ತಿಗೆ. ಬೆಂಕಿಗೂ ಮುಖ್ಯ ಕಾರಣ ಗುಂಡುಗಳನ್ನು ಇಟ್ಟ ಜಾಗ. ಹಳೆಯ ಬಗೆಯ ಜೋಡಣೆಯ ಶರ್ಮನ್‌ಗಳಿಗೆ ಹೊಡೆತ ಬಿದ್ದು ಗುಂಡು ಒಳಹೊಕ್ಕರೆ ನೂರಕ್ಕೆ 60ರಿಂದ 80 ಸುಡುತ್ತಿದ್ದವು. ಗುಂಡುಗಳನ್ನು ಕೆಳಗೆ ತಳಕ್ಕಿಳಿಸಿ ಸುತ್ತ ನೀರು ತುಂಬಿದ ಮೇಲೆ ಅದು 10ರಿಂದ 15ಕ್ಕೆ ಇಳಿಯಿತು. ಗುಂಡಿನ ಗೂಡು ಎಲ್ಲಿದೆ ಅನ್ನುವುದನ್ನು ಆಟ ಸರಿಯಾಗಿಯೇ ತೋರಿಸುತ್ತದೆ. ಆದರೆ ಬಾಗಿಲು ಬರೀ ಅಲಂಕಾರ. ಯಾರೂ ಹೊರಗೆ ಹಾರುವುದಿಲ್ಲ. ನಿಜದ ಯುದ್ಧದಲ್ಲಿ ಹೊಡೆತ ತಿಂದ ಶರ್ಮನ್‌ನಿಂದ ಹೆಚ್ಚಿನವರು ಬದುಕಿ ಹೊರಬರುತ್ತಿದ್ದರು, ಮರುದಿನ ಬೇರೆ ಟ್ಯಾಂಕ್ ಏರುತ್ತಿದ್ದರು. ಇಲ್ಲಿ ಟ್ಯಾಂಕ್ ಹೋದರೆ ಐವರೂ ಹೋದರು, ಅರ್ಧ ನಿಮಿಷದಲ್ಲಿ ಇನ್ನೊಂದು ಟ್ಯಾಂಕ್, ಇನ್ನೈವರು.

ರಿಪೇರಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಚೈನು ಹರಿದರೆ ಆಟದಲ್ಲಿ ಅರ್ಧ ನಿಮಿಷದಲ್ಲಿ ಸರಿಯಾಗುತ್ತದೆ. ದೊಡ್ಡಪ್ಪನ ಟ್ಯಾಂಕಿನ ಚೈನು ಮರಳಿನಲ್ಲಿ ಕಳಚಿದಾಗ ನಾಲ್ವರೂ ಸೇರಿ ಸುತ್ತಿಗೆ ಬಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತಂತೆ. ಆಟವಾಗಬೇಕಾದರೆ ಇಷ್ಟು ಸಡಿಲ ಬಿಡಲೇಬೇಕು, ಒಪ್ಪುತ್ತೇನೆ. ಆದರೆ ಪ್ಯಾಂಥರ್ ಇಲ್ಲಿ ಕುದುರೆಯ ಹಾಗೆ ಓಡುತ್ತದೆ. ಯುದ್ಧ ಮುಗಿದ ಮೇಲೆ ಅದೇ ಟ್ಯಾಂಕನ್ನು ಬಳಸಿ ನೋಡಿದ ಫ್ರೆಂಚ್ ಸೇನೆ, ಚೈನಿನ ಚಕ್ರಕ್ಕೆ ಶಕ್ತಿ ಮುಟ್ಟಿಸುವ ಇದರ ಫೈನಲ್ ಡ್ರೈವ್ ಗೇರು ಸರಾಸರಿ 150 ಕಿಲೋಮೀಟರ್ ಬಾಳುತ್ತದೆ ಅಂತ ಬರೆದಿಟ್ಟಿತು. ಬೆಳಗಾವಿಯಿಂದ ಹುಬ್ಬಳ್ಳಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಗೇರು ಹೋಯಿತು ಅಂದ ಹಾಗೆ. ಯಾರ ಎದುರು ಯಾರು ಬರುತ್ತಾರೆ ಅನ್ನುವುದನ್ನೂ ಆಟ ಇಸವಿ ನೋಡಿ ತೀರ್ಮಾನಿಸುವುದಿಲ್ಲ, ಬಲ ನೋಡಿ ತೀರ್ಮಾನಿಸುತ್ತದೆ. 1944ರ ಟೈಗರ್ 2ರ ಎದುರು ರಷ್ಯನ್ನರ ಐಎಸ್-3 ಬಂದು ನಿಲ್ಲುತ್ತದೆ. ಐಎಸ್-3ನ್ನು ಲೋಕ ಮೊದಲು ನೋಡಿದ್ದೇ 1945ರ ಸೆಪ್ಟೆಂಬರ್ 7ರಂದು, ಬರ್ಲಿನ್‌ನ ವಿಜಯದ ಮೆರವಣಿಗೆಯಲ್ಲಿ. ಅದು ಜರ್ಮನರ ಮೇಲೆ ಒಂದು ಗುಂಡೂ ಹಾರಿಸಲಿಲ್ಲ.

ಮನುಷ್ಯರು ಬೇಕು ಅನ್ನುವವರಿಗೆ ಹೆಲ್ ಲೆಟ್ ಲೂಸ್ ಇದೆ. 2021ರ ಆಟ, ದುಡ್ಡು ಕೊಟ್ಟು ಕೊಳ್ಳಬೇಕು. ಅದರಲ್ಲಿ ಒಂದು ಟ್ಯಾಂಕ್ ಸರಿಯಾಗಿ ನಡೆಯಬೇಕಾದರೆ ಮೂವರು ನಿಜವಾದ ಆಟಗಾರರು ಬೇಕು. ಒಬ್ಬ ಕಮಾಂಡರ್, ಒಬ್ಬ ಗನ್ನರ್, ಒಬ್ಬ ಡ್ರೈವರ್. ಹೊರಗಿನ ಕ್ಯಾಮೆರಾ ಇಲ್ಲ. ಡ್ರೈವರ್‌ಗೆ ಕಾಣುವುದು ಒಂದು ಸೀಳು. ನಾನು ಮತ್ತು ಇಬ್ಬರು ತಮ್ಮಂದಿರು ಹೆಡ್‌ಸೆಟ್ ಹಾಕಿಕೊಂಡು ಶರ್ಮನ್ ಏರಿದ ಮೊದಲ ದಿನ ಹತ್ತು ನಿಮಿಷ ಬರೀ "ಎಡಕ್ಕೆ, ಎಡಕ್ಕೆ, ಅಯ್ಯೋ ನನ್ನ ಎಡಕ್ಕೆ" ಅಂತ ಕೂಗಾಡಿದೆವು. ತೋಪು ಒಂದು ಕಡೆ ತಿರುಗಿದ್ದರೆ ಡ್ರೈವರ್ ಎಡ ಬೇರೆ, ಗನ್ನರ್ ಎಡ ಬೇರೆ. ದೊಡ್ಡಪ್ಪ ಇದನ್ನು ಕೇಳಿ ತುಂಬಾ ಖುಷಿಪಟ್ಟರು. ತಾವು ಕಲಿಯುವಾಗಲೂ ಮೊದಲ ವಾರ ಪೂರ್ತಿ ಇದೇ ಆಗಿತ್ತು ಅಂದರು. ಚೈನು, ಎಂಜಿನ್ ಕೆಟ್ಟರೆ ಗುಂಡಿನ ಸುರಿಮಳೆಯಲ್ಲೇ ಕೆಳಗಿಳಿದು ಸರಿಮಾಡಬೇಕು. ಆದರೆ ಉಕ್ಕಿನ ಲೆಕ್ಕ ಅಲ್ಲಿ ಬಹಳ ಸರಳ. ಎದುರು, ಪಕ್ಕೆ, ಹಿಂಭಾಗ ಅಷ್ಟೇ. ಕಾಳಗದ ನಡುವೆ ನಮ್ಮ ಇಂಟರ್ನೆಟ್ ಎರಡು ಸಲ ಕೈಕೊಟ್ಟಿತು. ಮೂವರ ಆಟದಲ್ಲಿ ಒಬ್ಬನ ಲೈನ್ ಹೋದರೆ ಉಳಿದಿಬ್ಬರು ಕುರುಡರು. ಗೆಳೆಯರಿಲ್ಲದವರಿಗೆ ಈ ಆಟ ಕಷ್ಟ.

ಹಾಗಾದರೆ ವಾರ್ ಥಂಡರ್ ಆಡಬೇಕಾ? ಆಡಿ. ಟ್ಯಾಂಕ್ ಅಂದರೆ ಏನು, ಗುಂಡು ಉಕ್ಕನ್ನು ಹೇಗೆ ಸೀಳುತ್ತದೆ ಅಂತ ಕಲಿಯಲು ಇದಕ್ಕಿಂತ ಒಳ್ಳೆಯ ಉಚಿತ ಪಾಠ ಇಲ್ಲ. ಆದರೆ ಕೈ ಪಳಗಿದ ಮೇಲೆ ಸಿಮ್ಯುಲೇಟರ್‌ಗೆ ಹೋಗಿ. ಅಲ್ಲಿ ಆಡುವವರು ಕಡಿಮೆ, ಕಾಯಬೇಕಾಗುತ್ತದೆ. ಮೇಲಿನ ಕ್ಯಾಮೆರಾ ಇಲ್ಲ, ಕಮಾಂಡರ್ ನಿಲ್ಲುವ ಜಾಗದಿಂದಲೇ ನೋಡಬೇಕು. ಶತ್ರುವಿನ ತಲೆ ಮೇಲೆ ಗುರುತಿಲ್ಲ. ಪೊದೆ ಯಾವುದು, ಟ್ಯಾಂಕ್ ಯಾವುದು, ನೀವೇ ನೋಡಿ ಕಂಡುಹಿಡಿಯಬೇಕು. ಮೊದಲು ನೋಡಿದವನು ಗೆಲ್ಲುತ್ತಾನೆ ಅನ್ನುವ ಮಾತು ಅಲ್ಲಿ ಮೈಗೆ ತಟ್ಟುತ್ತದೆ.

ದೀಪಾವಳಿ ಆದಮೇಲೆ ನಾವಿಬ್ಬರೂ ಅಹ್ಮದ್‌ನಗರಕ್ಕೆ ಹೋಗಿ ಬಂದೆವು. ಈಗ ಅಹಿಲ್ಯಾನಗರ ಅನ್ನುತ್ತಾರೆ. ಅಲ್ಲಿ ಸೇನೆಯ ಟ್ಯಾಂಕ್ ಮ್ಯೂಸಿಯಂ ಇದೆ. ಬಯಲಿನಲ್ಲಿ ಸೆಂಚುರಿಯನ್, ವಿಜಯಂತ, ಪಾಕಿಸ್ತಾನದಿಂದ ವಶಪಡಿಸಿಕೊಂಡ ಪ್ಯಾಟನ್ ಎಲ್ಲ ಸಾಲಾಗಿ ನಿಂತಿವೆ. ಪ್ಯಾಟನ್ ಮುಂದೆ ದೊಡ್ಡಪ್ಪ ತುಂಬಾ ಹೊತ್ತು ನಿಂತರು. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್‌ನಲ್ಲಿ ಆ ಕಾಲಕ್ಕೆ ಹೊಚ್ಚ ಹೊಸದೆನಿಸಿದ್ದ ಇಂಥ ಪ್ಯಾಟನ್‌ಗಳು ಬಂದಿದ್ದವು. ನಮ್ಮವರ ಹತ್ತಿರ ಸೆಂಚುರಿಯನ್ ಇತ್ತು, ಮಹಾಯುದ್ಧ ಕಾಲದ ಶರ್ಮನ್ ಇತ್ತು. ಕಾಲುವೆ ಒಡೆದು ಹೊಲಕ್ಕೆ ನೀರು ಬಿಟ್ಟರು, ಕಬ್ಬಿನ ಗದ್ದೆಯಲ್ಲಿ ಅಡಗಿ ಕಾದರು. ಪ್ಯಾಟನ್‌ಗಳು ಕೆಸರಿನಲ್ಲಿ ಹೂತು, ಪಕ್ಕೆ ಕೊಟ್ಟು ನಿಂತವು. ನಮ್ಮ ಲೆಕ್ಕದಲ್ಲಿ ಪಾಕಿಸ್ತಾನ ಅಲ್ಲಿ 97 ಟ್ಯಾಂಕ್ ಕಳೆದುಕೊಂಡಿತು. ವಿಜಯಂತದ ಹತ್ತಿರ ಬಂದಾಗ ದೊಡ್ಡಪ್ಪ ಗೋಪುರದ ಎಡಬದಿಗೆ ಕೈ ತೋರಿಸಿ, "ಇಲ್ಲೇ ನಿಂದರತಿದ್ದೆ" ಅಂದರು. ತಗಡಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು.

ವಾಪಸ್ ಬಂದ ವಾರ ಒಂದು ರಾತ್ರಿ ಸಿಮ್ಯುಲೇಟರ್ ಆಡಲು ಕೂತೆ. ಟಿ-34-85, ಕುರ್ಸ್ಕ್ ನಕ್ಷೆ, ಬಟಾಬಯಲು. ದೊಡ್ಡಪ್ಪ ಈ ಸಲ ಹೆಡ್‌ಫೋನಿನ ಒಂದು ಬದಿಯನ್ನು ತಮ್ಮ ಬಲಗಿವಿಗೆ ಹಿಡಿದುಕೊಂಡರು. ಒಂದು ದಿಬ್ಬದ ಹಿಂದೆ ನಿಂತಿದ್ದೆವು. "ಎಂಜಿನ್ ಬಂದ್ ಮಾಡಾಕ ಬರತೈತೇನು?" ಅಂದರು. ಬರುತ್ತದೆ. ಕೀಬೋರ್ಡಿನ ಐ ಒತ್ತಿದೆ. ಸದ್ದು ನಿಂತಿತು. ಗಾಳಿ, ದೂರದ ತೋಪಿನ ಗುಡುಗು. ನನಗೆ ಬೇರೇನೂ ಕೇಳಲಿಲ್ಲ. ಅವರು ಬೆರಳೆತ್ತಿ ಸುಮ್ಮನಿರು ಅಂತ ಸನ್ನೆ ಮಾಡಿದರು. ಆಮೇಲೆ ನನ್ನ ಕಿವಿಗೂ ಬಿತ್ತು. ಚೈನಿನ ಕರಕರ, ತುಂಬಾ ಮೆಲ್ಲಗೆ, ಬಲಗಡೆಯಿಂದ.

"ಬರಾಕತ್ತಾನ" ಅಂದರು ದೊಡ್ಡಪ್ಪ. ಅವರ ಬಲಗೈ ಮುಷ್ಟಿ ಕಟ್ಟಿತ್ತು.